ತೊಟ್ಟಿಲ ಪಕ್ಕ ನಿಂತವಳು

“ಆ ತೊಟ್ಟಿಲು ಮಾತ್ರ ಇಳಿಸಬೇಡ. ಅದಕ್ಕೆ ಮಾಟ ಮಾಡಿಸಿದ್ದಾರೆ,” ಎಂದರು ಅತ್ತೆ, ಹೊಲಿಗೆ ಮಿಷನ್‌ನಿಂದ ತಲೆಯೆತ್ತದೆ.

ಬಸ್ ಓಡಿಸುವ ಮಗ ಆಗಲೇ ಏಣಿ ಹತ್ತಿ ಅಟ್ಟಕ್ಕೆ ಕೈ ಹಾಕಿದ್ದ. ಕೆಳಗೆ ಏಣಿ ಹಿಡಿದು ನಿಂತಿದ್ದ ಹತ್ತು ದಿನದ ಬಾಣಂತಿ ಸೊಸೆಗೆ ನಗು ತಡೆಯಲಾಗಲಿಲ್ಲ.

“ಮಾಟಾನಾ? ಯಾರಿಗೆ ಅಷ್ಟು ಪುರುಸೊತ್ತಿತ್ತು, ಅತ್ತೆ?”

“ಇವನಿಗಿಂತ ಮುಂಚೆ ಒಂದು ಹೆಣ್ಣು ಕೂಸಿತ್ತು. ಅದರಲ್ಲಿ ಮಲಗಿಸಿದ್ವಿ. ಉಳೀಲಿಲ್ಲ.”

ಸೊಸೆ ನಗು ನುಂಗಿಕೊಂಡಳು, ನಂಬಲಿಲ್ಲ. ತೊಟ್ಟಿಲು ಇಳಿಯಿತು. ಅವಳು ಅದರ ಒಂದೊಂದು ಕಂಬಿಯನ್ನೂ ಬೆಳಕಿಗೆ ಹಿಡಿದು, ಬೆರಳಿನಿಂದ ಕುಟ್ಟಿ ನೋಡಿ, “ಎಲ್ಲೂ ಏನೂ ಇಲ್ಲ” ಎಂದು ತೀರ್ಪು ಕೊಟ್ಟಳು.

ತೀರ್ಪು ಕೊಡುವುದೇ ಅವಳ ಕಸುಬು. ಬಾಟಲಿ ಕಾರ್ಖಾನೆಯಲ್ಲಿ ಅವಳಿಗೆ ಹದ್ದು ಎಂದೇ ಹೆಸರು. ಉರಿಯುವ ಬಿಳಿ ಪರದೆಯ ಮುಂದೆ ಬಾಟಲಿಗಳು ಸಾಲಾಗಿ ಸಾಗುತ್ತವೆ. ಕೂದಲೆಳೆಯಷ್ಟು ಬಿರುಕಿದ್ದರೂ ಎತ್ತಿ ಪಕ್ಕಕ್ಕಿಡಬೇಕು. ಅಲ್ಲೊಂದು ನಿಯಮವಿತ್ತು: ಅರ್ಧ ಗಂಟೆಗೊಮ್ಮೆ ಪರದೆಯ ಮುಂದಿನ ಆಳು ಬದಲಾಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ನೋಡಿದರೆ ಎಂಥ ಹದ್ದಿನ ಕಣ್ಣಿಗೂ ಇಲ್ಲದ ಬಿರುಕು ಕಾಣತೊಡಗುತ್ತದೆ.

ಮನೆಯಲ್ಲಿ ಆಳು ಬದಲಾಗಲಿಲ್ಲ. ಗಂಡನಿಗೆ ಬಸ್ಸು, ಅತ್ತೆಗೆ ಗುಡ್ಡೆ ಬಿದ್ದ ಶಾಲೆ ಸಮವಸ್ತ್ರಗಳು. ಒಳಕೋಣೆಯಲ್ಲಿ ಅವಳು, ಮಗು ಮತ್ತು ತೊಟ್ಟಿಲು. ಪರದೆ ಎಳೆದ ಕಿಟಕಿ, ಹುಳಿ ಹಿಡಿದ ಹಾಲಿನ ವಾಸನೆ, ನಿದ್ದೆಯಿಲ್ಲದೆ ಉರಿಯುವ ಕಣ್ಣು. ಮಗುವನ್ನು ನೋಡಿದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಯಾರದೋ ಚೀಲ ಕಾಯುತ್ತಾ ಕೂತ ಹಾಗಿತ್ತು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ನೋಡಲು ಬಂದವರು “ತಾಯಿ ಮುಖದಲ್ಲಿ ಎಂಥ ಕಳೆ” ಎಂದರು. ಅವಳು ನಕ್ಕಳು. ಅವರು ಹೋದ ಮೇಲೆ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು.

ಮೂರನೆಯ ವಾರ, ಒಂದು ಮಧ್ಯಾಹ್ನ, ತೊಟ್ಟಿಲ ಪಕ್ಕ ಒಬ್ಬಳು ನಿಂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಮಿಟುಕಿಸಿದರೆ ಯಾರೂ ಇಲ್ಲ, ನೆಲವೂ ಒಣಗಿತ್ತು. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದಳು. ಅದರ ಮರುದಿನ ಮಗುವಿನತ್ತ ಬಾಗಿ ಮಾತಾಡಿದಳು.

“ಇದರಲ್ಲಿ ಬಿರುಕಿದೆ. ಪಕ್ಕಕ್ಕಿಡು.”

ಐದನೆಯ ವಾರದವರೆಗೆ ಸೊಸೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಕೊನೆಗೆ ಅತ್ತೆಯ ಹತ್ತಿರ, “ಆ ಕೋಣೆಗೆ ಯಾರೋ ಬರ್ತಾರೆ,” ಎಂದಳು, ಅಷ್ಟೇ. ಅತ್ತೆ ಹೊಲಿಗೆ ಅಲ್ಲೇ ಬಿಟ್ಟು ಎದ್ದರು. ಸಂಜೆಗೆ ಮಾಟ ತೆಗೆಯುವವನು ಬಂದ. ತೊಟ್ಟಿಲ ತಳದ ಹಲಗೆ ಕಿತ್ತು, ಸಂದಿನಿಂದ ಕೂದಲು ಸುತ್ತಿದ ಕರಿ ದಾರವೊಂದನ್ನು ಎಳೆದು ತೋರಿಸಿದ. ಅದು ಸಂದಿನಲ್ಲಿತ್ತೋ ಅವನ ತೋಳಿನಲ್ಲಿತ್ತೋ, ಹದ್ದಿನ ಕಣ್ಣಿಗೂ ಗೊತ್ತಾಗಲಿಲ್ಲ. ತಾರಸಿಯ ಮೇಲೆ ತೊಟ್ಟಿಲು ಸುಟ್ಟರು. ಹಳೆಯ ಬಣ್ಣ ಚಟಪಟ ಸಿಡಿದು, ಕೂದಲು ಸುಟ್ಟ ನಾತ ಮೆಟ್ಟಿಲವರೆಗೆ ಇಳಿಯಿತು.

“ಪೀಡೆ ತೊಲಗಿತು. ಇನ್ನು ಆರಾಮಾಗಿರು,” ಎಂದ ಗಂಡ. ಅವನು ನಿಜಕ್ಕೂ ಹಗುರಾಗಿದ್ದ. ಎಲ್ಲರೂ ಹಗುರಾಗಿದ್ದರು. ಹಾಗಾಗಿ ಮರುದಿನ ಸೊಸೆಯನ್ನು ಯಾರೂ ಗಮನಿಸಲಿಲ್ಲ.

ಮಧ್ಯಾಹ್ನವಾಯಿತು. ಮಗು ಹಾಸಿಗೆಯ ಮೇಲಿತ್ತು. ತೊಟ್ಟಿಲಿರಲಿಲ್ಲ. ಅವಳಿದ್ದಳು.

ಇನ್ನೂ ಹತ್ತಿರದಲ್ಲಿದ್ದಳು. ಒದ್ದೆ ಬಟ್ಟೆಯ ತಣ್ಣಗಿನ ವಾಸನೆ. ಬಚ್ಚಲಲ್ಲಿ ನಲ್ಲಿ ಸುರಿಯುತ್ತಿತ್ತು. ಯಾರು ತಿರುಗಿಸಿದ್ದು? ಸೊಸೆಯ ಕೈಯೇ ಒದ್ದೆಯಾಗಿತ್ತು. ಬಕೆಟ್ ತುಂಬಿತು. ತುಂಬಿ ಹರಿಯಿತು. ಪಕ್ಕಕ್ಕಿಡು. ಮಗು ಅವಳ ತೋಳಿನಲ್ಲಿತ್ತು. ಯಾವಾಗ ಎತ್ತಿಕೊಂಡಳು? ಪಕ್ಕಕ್ಕಿಡು. ಒಂದು ಹೆಜ್ಜೆ. ಇನ್ನೊಂದು. ಕಾಲಿಗೆ ನೀರು ತಾಗಿತು. ಮಗು ಕಣ್ಣು ಬಿಟ್ಟಿತು.

ಅವಳು ತಿರುಗಿ ಓಡಿದಳು. ಬಾಗಿಲಿಗೆ ಭುಜ ಬಡಿಯಿತು. ಹೊಲಿಗೆ ಮಿಷನ್ ಓಡುತ್ತಲೇ ಇತ್ತು. ಸಮವಸ್ತ್ರದ ರಾಶಿಯ ಮೇಲಿಂದಲೇ ಮಗುವನ್ನು ಅತ್ತೆಯ ಎದೆಗೆ ನೂಕಿದಳು. ಅತ್ತೆ ಗಾಬರಿಯಲ್ಲಿ ಎರಡೂ ಕೈ ಚಾಚಿದರು. ಮಿಷನ್ ಸೂಜಿ ಬೆರಳೊಳಗೆ ಇಳಿಯಿತು. ಆದರೂ ಮಗುವನ್ನು ಬಿಡಲಿಲ್ಲ.

“ಹಿಡ್ಕೊಳ್ಳಿ. ನಾನು ಕೇಳಿದ್ರೂ ಕೊಡಬೇಡಿ. ಅತ್ತು ಕೇಳಿದ್ರೂ ಕೊಡಬೇಡಿ.”

ಅತ್ತೆ ಬಚ್ಚಲ ಕಡೆ ನೋಡಿದರು. ನೀರು ಹೊರಕೋಣೆಯವರೆಗೆ ಹರಿದು ಬರುತ್ತಿತ್ತು.

“ಬೆನ್ನು ಮಾಡ್ಕೊಂಡು ನಿಂತಿರ್ತಾಳಾ?” ಎಂದು ಮೆಲ್ಲಗೆ ಕೇಳಿದರು. “ಬಟ್ಟೆ ಒದ್ದೆ?”

ಇದನ್ನು ಸೊಸೆ ಯಾರಿಗೂ ಹೇಳಿರಲಿಲ್ಲ.

“ನನ್ನ ಹತ್ರಾನೂ ಬಂದಿದ್ಲು. ಆಗ ಮನೇಲಿ ನಾನೊಬ್ಬಳೇ. ಮಗೂನ ಕೊಡೋಕೆ ಯಾರೂ ಇರಲಿಲ್ಲ.” ಅತ್ತೆ ಮಗುವನ್ನು ಎದೆಗೊತ್ತಿಕೊಂಡರು. “ಅವಳು ಹೇಳಿದ ಹಾಗೆ ಮಾಡಿದೆ. ಆಮೇಲೆ ಎಲ್ಲರಿಗೂ ಮಾಟ ಅಂದೆ. ಹೇಳ್ತಾ ಹೇಳ್ತಾ ನಾನೂ ನಂಬಿದೆ.”

ಬೆರಳಿನ ರಕ್ತ ಮಗುವಿನ ಬಟ್ಟೆಗೆ ಹತ್ತಿತ್ತು. ಸೊಸೆಗೆ ಆ ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಇಬ್ಬರೂ ನೀರಿನಲ್ಲೇ ಕೂತು, ಗಂಡ ಬರುವವರೆಗೆ ಅತ್ತರು.

ಆಸ್ಪತ್ರೆಯ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಇದು ಹೆರಿಗೆಯ ನಂತರ ಬರುವ ಕಾಯಿಲೆ, ತೀರಾ ಹೆಚ್ಚಾಗಿದೆ, ಇವತ್ತೇ ದಾಖಲಾಗಬೇಕು, ಮಾತ್ರೆ ಬೇಕು, ನಿದ್ದೆ ಬೇಕು, ವಾಸಿಯಾಗುತ್ತದೆ ಎಂದರು.

“ಅವಳು ಕಾಣಿಸ್ಕೊಳ್ಳೋಕೆ ಶುರುವಾಗಿ ಎಷ್ಟು ದಿನ ಆಯ್ತು?”

“ಎರಡು ವಾರ,” ಎಂದಳು ಸೊಸೆ.

ಅತ್ತೆ ಕಟ್ಟು ಹಾಕಿದ ಬೆರಳನ್ನು ನೋಡುತ್ತಾ ಕೂತಿದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ನನಗೆ ಅವಳು ಕಾಣಿಸ್ಕೊಂಡು ಮೂವತ್ತನಾಲ್ಕು ವರ್ಷ,” ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದರು, ಬಕೆಟ್‌ವರೆಗೆ, ಒಂದನ್ನೂ ಬಿಡದೆ.

ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತಿದ್ದ ಮಗ ಅಮ್ಮನನ್ನೇ ನೋಡಿದ. ನಿಧಾನವಾಗಿ ಮಗುವನ್ನು ಇನ್ನೊಂದು ತೋಳಿಗೆ, ಅಮ್ಮನಿಂದ ದೂರದ ತೋಳಿಗೆ, ಬದಲಾಯಿಸಿಕೊಂಡ. ಅಮ್ಮ ಅದನ್ನು ನೋಡಿದರು.

“ಅವರ ಕೈಗೆ ಕೊಡಿ ರೀ,” ಎಂದಳು ಸೊಸೆ. “ನಾನು ಕೊಟ್ಟಿದ್ದೂ ಅವರ ಕೈಗೇ.”

ಅವನು ನಿಂತಲ್ಲಿಂದ ಕದಲಲಿಲ್ಲ.