ಪಿಟ್ಟಿಗೆ ಸಿಕ್ಕ ಅರ್ಧ ಪೇಪರ್

"ಮಿಸ್, ನನ್ನ ಪೇಪರ್ ಅರ್ಧನೇ ಇದೆ!"

ಪಿಟ್ಟಿ ಎದ್ದುನಿಂತು ಹಾಳೆಯನ್ನು ಎತ್ತಿ ತೋರಿಸಿದಳು. ಎಲ್ಲರಿಗೂ ಉದ್ದನೆಯ ಪ್ರಶ್ನೆಪತ್ರಿಕೆ. ಅವಳದ್ದನ್ನು ಮಾತ್ರ ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು.

ಗಣಿತದ ಮಿಸ್ ಬಳಿ ಬಂದು ತಲೆ ಸವರಿದರು. "ಕತ್ತರಿಸಿದ್ದು ನಾನೇ ಕಣೇ ಚಿನ್ನಾ. ನಿಂಗೆ ಇಷ್ಟು ಸಾಕು."

"ಅವಳಿಗೆ ಮಾತ್ರ ಯಾಕೆ ಮಿಸ್? ನಂಗೂ ಕತ್ತರಿಸಿ ಕೊಡಿ!" ಎಂದು ಪಕ್ಕದಲ್ಲಿದ್ದ ಗುಂಡ ಕೂಗಿದ. ಇಡೀ ಕ್ಲಾಸ್ ಗೊಳ್ಳೆಂದು ನಕ್ಕಿತು.

ಪಿಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಇದ್ದದ್ದೆಲ್ಲ ಸುಲಭದ ಲೆಕ್ಕ, ಎಲ್ಲವನ್ನೂ ಸರಿಯಾಗಿ ಮಾಡಿದಳು. ಮಿಸ್ 'ವೆರಿ ಗುಡ್' ಎಂದು ಬರೆದು ಸ್ಟಾರ್ ಬೇರೆ ಅಂಟಿಸಿದರು. ಅರ್ಧ ಪೇಪರಿಗೆ ಯಾರಾದರೂ ಸ್ಟಾರ್ ಕೊಡುತ್ತಾರೆಯೇ!

ಮನೆಯಲ್ಲಿ ಅಮ್ಮ ಸ್ಟಾರ್ ನೋಡಿ ಹಿಗ್ಗಿ ಹೀರೇಕಾಯಿಯಾದಳು.

"ಅಮ್ಮಾ, ಮಿಸ್‌ಗೆ ನೀನು ಹೇಳಿದ್ಯಾ?"

"ಏನನ್ನ?"

"ಅದೇ, ಎಲ್ಲರಿಗೂ ಹೇಳ್ತೀಯಲ್ಲ!"

ಹೇಳಿದ್ದಳು. ಪ್ರತಿ ವರ್ಷ ಹೊಸ ಮಿಸ್ ಬಂದ ಕೂಡಲೇ ಅಮ್ಮ ಹೋಗಿ ಒಪ್ಪಿಸುವ ಪಾಠ ಅದು. ಪಿಟ್ಟಿ ದಿನ ತುಂಬುವ ಮೊದಲೇ, ಆರನೇ ತಿಂಗಳಲ್ಲೇ ಹುಟ್ಟಿದವಳು. ಅಂಗೈಯಷ್ಟೇ ಇದ್ದಳು. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಂಡರು. ಅದಕ್ಕೇ ಈ ದಪ್ಪ ಕನ್ನಡಕ, ಬರೆದರೆ ಬೇಗ ಸೋಲುವ ಬೆರಳು. ಲೆಕ್ಕ ಓದಿ ಅರ್ಥ ಮಾಡಿಕೊಳ್ಳಲು ಅವಳಿಗೆ ಹೆಚ್ಚು ಹೊತ್ತು ಬೇಕು. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಕೊನೆಗೆ ಅಮ್ಮ ಈ ಸಲವೂ ಇನ್ನೊಂದು ಮಾತು ಸೇರಿಸಿದ್ದಳು. "ವಯಸ್ಸು ಹತ್ತು ಮಿಸ್, ಆದ್ರೆ ಮೂರು ತಿಂಗಳು ಕಳೆದು ನೋಡ್ಬೇಕು." ಹಾಗೆ ಕಳೆಯಲು ಡಾಕ್ಟರ್ ಹೇಳಿದ್ದು ಪಿಟ್ಟಿಗೆ ಎರಡು ವರ್ಷ ಆಗುವವರೆಗೆ ಮಾತ್ರ. ಅಮ್ಮ ಇನ್ನೂ ಕಳೆಯುತ್ತಲೇ ಇದ್ದಳು.

"ನಿನ್ನ ಒಳ್ಳೇದಕ್ಕೇ ಹೇಳಿದ್ದು ಪುಟ್ಟಾ. ಕೈ ನೋಯುತ್ತಲ್ಲ ನಿಂಗೆ..."

"ಕೈ ತಾನೇ ನೋಯೋದು! ನಾನು ಬೇಗ ಹುಟ್ಟಿದ್ದು ಒಂದೇ ಸಲ. ನೀನು ವರ್ಷಾ ವರ್ಷಾ ನನ್ನ ಬೇಗ ಹುಟ್ಟಿಸ್ತೀಯಲ್ಲಾ!"

ಅಮ್ಮ ಸ್ಟಾರ್ ಇದ್ದ ಹಾಳೆಯನ್ನು ಮಡಚಿ ಪಿಟ್ಟಿಯ ಬ್ಯಾಗಿಗೆ ಸೇರಿಸಿದಳು.

ಮರುದಿನ ಸಂಜೆ ಅಮ್ಮ ಕರೆದುಕೊಂಡು ಹೋಗಲು ಬಂದಾಗ, ಪಿಟ್ಟಿ ಅವಳ ಕೈ ಹಿಡಿದು ಕ್ಲಾಸಿಗೇ ಎಳೆದುಕೊಂಡು ಹೋದಳು.

"ಮಿಸ್, ಆ ಇನ್ನರ್ಧ ಪೇಪರ್ ಕೊಡಿ. ನಿಧಾನ ಆಗುತ್ತೆ. ವಾಚ್ ನೋಡ್ಬಾರ್ದು."

ಮಿಸ್ ನಗುತ್ತಲೇ ಕೊಟ್ಟರು. ಪಿಟ್ಟಿ ಬರೆದಳು, ಬೆರಳು ಕೊಡವಿದಳು, ಮತ್ತೆ ಬರೆದಳು. ಹಿಂದಿನ ಬೆಂಚಿನಲ್ಲಿದ್ದ ಅಮ್ಮ ಏಳುವುದು, ಕೂರುವುದು ಮಾಡುತ್ತಿದ್ದಳು. ಕೊನೆಗೆ ಉಳಿದದ್ದು ಭಿನ್ನರಾಶಿ. ಪಿಟ್ಟಿಯ ಪೆನ್ಸಿಲ್ ಅಲ್ಲಿಗೆ ನಿಂತುಬಿಟ್ಟಿತು.

"ನೋಡಿದ್ಯಾ, ಅದಕ್ಕೇ ಕತ್ತರಿಸಿದ್ದು. ನಿಂಗೆ ಕಷ್ಟ ಆಗುತ್ತೆ," ಎಂದರು ಮಿಸ್ ಮೆಲ್ಲಗೆ.

"ಕಷ್ಟ ಅಲ್ಲ ಮಿಸ್! ಇದನ್ನ ನೀವು ನಂಗೆ ಹೇಳೇ ಕೊಟ್ಟಿಲ್ಲ! ಎಲ್ಲರಿಗೂ ಭಿನ್ನರಾಶಿ ಹೇಳ್ಕೊಡುವಾಗ ನಂಗೆ ಬಣ್ಣ ಹಚ್ಚೋಕೆ ಚಿತ್ರ ಕೊಟ್ರಿ!"

ಮಿಸ್‌ ಮುಖದ ನಗು ಮಾಯವಾಯಿತು. ಆಮೇಲೆ ಚಾಕ್‌ಪೀಸ್ ತೆಗೆದುಕೊಂಡು, "ಬಾ, ಬೋರ್ಡ್ ಹತ್ರ," ಎಂದರು.

ಅಮ್ಮ ದಡಕ್ಕನೆ ಎದ್ದಳು. ಇನ್ನು 'ಸಾಕು, ಮನೆಗೆ ನಡಿ' ಅನ್ನುತ್ತಾಳೆ ಎಂದುಕೊಂಡು ಪಿಟ್ಟಿ ಸಿಟ್ಟಿನಿಂದ ತಿರುಗಿದಳು. ಅಮ್ಮ ಪಿಟ್ಟಿಯ ಬ್ಯಾಗನ್ನು ಎದೆಗೆ ಅವಚಿ ಹಿಡಿದಿದ್ದಳು. ಹೆದರಿಕೆ ಇರುವುದು ತನಗಲ್ಲ, ಅಮ್ಮನಿಗೆ!

ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಪಿಟ್ಟಿ ಮುಂದಿನ ಬೆಂಚನ್ನು ತಟ್ಟಿದಳು.

"ಅಮ್ಮಾ, ದೂರ ಯಾಕೆ ನಿಂತಿದ್ದೀ? ಇಲ್ಲಿ ಬಂದು ಕೂತ್ಕೋ. ನಾನು ತಪ್ಪು ಮಾಡೋದನ್ನ ನೀನೂ ನೋಡು."