ಔರಾದಕ್ಕೆ ಬಂದ ಬಿಳಿ ಅನಿಮೋನ್

ಬೀದರ ಜಿಲ್ಲೆಯ ಚರಿತ್ರೆಯಲ್ಲಿ ಸುಲ್ತಾನರು ಬಂದು ಹೋಗಿದ್ದಾರೆ, ನಿಜಾಮರು ಬಂದು ಹೋಗಿದ್ದಾರೆ. ಆದರೆ ಗಿರಾಕಿ ಎದುರಿಗೆ ನಿಂತು ಬೇಡಿದರೂ ಅಂಗಡಿಯವನು ಮಾರುವುದಿಲ್ಲ ಎಂದ ಘನ ಘಟನೆ ನಡೆದದ್ದು ಭಾಲ್ಕಿಯಲ್ಲಿ, ಒಂದು ಅನಿಮೋನ್ ಸಲುವಾಗಿ.

ಅನಿಮೋನ್ ಎಂದರೆ ಹೂವಿನಂತೆ ಕಾಣುವ ಕಡಲಜೀವಿ. ಕ್ಯಾಲೆಬನ ಅಕ್ವೇರಿಯಂ ಅಂಗಡಿಯಲ್ಲಿ ಅದು ಹಸಿರು ಬೆರಳುಗಳನ್ನು ಆಡಿಸುತ್ತಿತ್ತು. ಕರುಣಾಳ ಕಣ್ಣು ಅದರ ಮೇಲೆಯೇ ನೆಟ್ಟಿತ್ತು.

“ನಿಮ್ಮ ಮನ್ಯಾಗಿನ ಟ್ಯಾಂಕ್ ಎಷ್ಟ್ ಹಳೇದರಿ?” ಕ್ಯಾಲೆಬ ಕೇಳಿದ.

“ವರ್ಷ ಆಯ್ತ್ರಿ. ಉಪ್ಪು, ಬಿಸಿ, ಎಲ್ಲಾ ಬರೋಬ್ಬರಿ ಅದ.”

“ಛಲೋ ಆತು. ನಿಮ್ಮ ಹೆಸರ?”

“ಕರುಣಾ.”

“ಊರು?”

“ಔರಾದ.”

ಕ್ಯಾಲೆಬ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಕೆಳಗಿಟ್ಟ. “ಹಂಗಾದ್ರ ಕೊಡಂಗಿಲ್ರಿ.”

ಕರುಣಾಳ ಕಿವಿ ಕೆಂಪಾಯಿತು. ಬೀದರಿನ ಮೈಲೂರು ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಿದಾಗಲೂ ಹೀಗೇ! ಮೊದಲು ಹೆಸರು, ಆಮೇಲೆ ಊರು, ಆಮೇಲೆ ‘ಮನಿ ಖಾಲಿ ಇಲ್ರಿ.’ ಜಾತಿ ಎಂಬ ಶಬ್ದ ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಸಂಭಾವಿತರು! ಅದಕ್ಕೇ ಬೀದರಿನ ಕಾಲೇಜಿನಲ್ಲಿ ಪಾಠ ಹೇಳಲು ಆಕೆ ದಿನಾ ಔರಾದದಿಂದ ಬಸ್ಸು ಹತ್ತುವುದು.

“ಅಲ್ರಿ ಮೇಡಂ, ಔರಾದದಾಗ…”

“ಸಾಕು! ಈಗ ಮೀನಿನ ಅಂಗಡ್ಯಾಗೂ ಹೆಸರ, ಊರ ಹೇಳಬೇಕೇನ್ರಿ?”

ಅಂಗಡಿಗೆ ಬಾಗಿಲಿದ್ದಿದ್ದರೆ ಧಡಾರನೆ ಬಡಿದು ಹೋಗುತ್ತಿದ್ದಳು. ಇದ್ದದ್ದು ಬರೀ ಪರದೆ.

ಮುಂದಿನ ವಾರ ಆಕೆ ಹೈದರಾಬಾದಿನಿಂದ ಹಾಲುಬಿಳುಪಿನ ಅನಿಮೋನ್ ತಂದಳು. ಅಕ್ವೇರಿಯಂ ಸಾಕುವವರ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಹಾಕಿ, ಕೆಳಗೆ ಬರೆದಳು: ‘ಇವರು ಊರು ಕೇಳಲಿಲ್ಲ.’

ಆ ಗುಂಪಿನಲ್ಲಿ ಕ್ಯಾಲೆಬನೂ ಇದ್ದ.

ಮರುದಿನ ಔರಾದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆತ ‘ಸಮುದ್ರ ಸಾಕಿದ ಮನಿ’ ಯಾವುದೆಂದು ಕೇಳಿದ. ಎಲ್ಲರಿಗೂ ಗೊತ್ತಿತ್ತು.

“ಬಾರಪ್ಪ,” ಎಂದಳು ಕರುಣಾಳ ತಾಯಿ ಶೇವಂತಾಬಾಯಿ. “ಔರಾದಕ್ಕ ರೈಲ್ ಬರಲಿಲ್ಲ, ನಮ್ಮ ಮನೀಗೆ ಸಮುದ್ರ ಬಂತು. ನೀನೂ ನೋಡ್ಕೊಂಡು ಹೋಗು.”

ಒಳಗೆ ಕರುಣಾಳನ್ನು ಕಂಡದ್ದೇ ಕ್ಯಾಲೆಬ ಸಿಡಿದ. “ಬಿಳೇದು ಅಂದ್ರ ಬ್ಯಾನಿ ಬಿದ್ದದ್ದರಿ! ಪಾಠ ಹೇಳೋರು, ಇಷ್ಟೂ ತಿಳಿಯಂಗಿಲ್ಲೇನು?”

“ತಿಳಿತದ! ಬಣ್ಣ ಹೋದದ್ದು ಯಾರೂ ಒಯ್ಯವಲ್ರು ಅಂತ ಮೂಲ್ಯಾಗ ಒಗದಿದ್ರು. ಅದ್ಕೇ ತಂದೆ! ಮಂದ ಬೆಳಕ ಹಾಕೀನಿ, ಸಿಗಡಿ ಸಣ್ಣಗ ಹೆಚ್ಚಿ ತಿನಸ್ಲಾಕತ್ತೀನಿ. ನಿಮ್ಮ ಪರ್ವಾನಗಿ ಬೇಕಿತ್ತೇನು?”

ಕ್ಯಾಲೆಬ ಬಗ್ಗಿ ನೋಡಿದ. ಜಾಗ ಹುಡುಕುತ್ತ ತೆವಳುವ ಅನಿಮೋನ್ ಸಿಕ್ಕಿಬೀಳದಂತೆ ಪಂಪಿನ ಬಾಯಿಗೆ ಸ್ಪಂಜು ಕಟ್ಟಿತ್ತು. ಬೈಯಲು ಏನೂ ಸಿಗಲಿಲ್ಲ. ಅದಕ್ಕೆ ಸಿಟ್ಟು ಇನ್ನಷ್ಟು ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಪಂಪು ನಿಲ್ಲಲಿಲ್ಲ.

“ಇನ್ವರ್ಟರ್… ಅದ ಏನ್ರಿ?”

“ಅದ. ನೀವು ಇನ್ವರ್ಟರ್ ಕೇಳಿದ್ರೇನು? ಊರ ಕೇಳಿದ್ರಿ!”

“ಈ ಕಡಿ ಕರೆಂಟ್ ಭಾಳ ಹೋಗ್ತದಂತ್ರಿ. ನೀರ ಆಡದಿದ್ರ ಅದು ಸಾಯ್ತದ. ಅದ್ಕ…” ಆತನ ದನಿ ಇಳಿಯಿತು. “ಊರ ಕೇಳಿ ಇಲ್ಲ ಅಂದ್ರ ಎದಿಗೆ ಹ್ಯಾಂಗ ತಾಗ್ತದ ಅಂತ ನನಗ ಗೊತ್ತಿರಬೇಕಿತ್ರಿ. ನಮ್ಮ ಮುತ್ತಜ್ಜ ಮಂದಿ ಬಾಯಾಗ ಅದನ್ನ ಕೇಳಿ ಕೇಳಿ ಸಾಕಾಗೇ ಚರ್ಚಿಗೆ ಸೇರಿದಾಂವ. ತಪ್ಪಾತ್ರಿ.”

ಇಷ್ಟು ದಿನ ಬಿಗಿಹಿಡಿದಿದ್ದ ಸಿಟ್ಟು ಕರುಣಾಳ ಕೈಜಾರತೊಡಗಿತು. ಹಾಗೆ ಸುಲಭವಾಗಿ ಬಿಡುವವಳಲ್ಲ ಆಕೆ!

“ಕರೆಂಟಿನ ಸಲುವಾಗಿ ಊರ ಕೇಳಿದ್ರಿ, ಸರಿ. ಹೆಸರ ಯಾಕ ಕೇಳಿದ್ರಿ?”

ಕ್ಯಾಲೆಬ ಟ್ಯಾಂಕಿನ ಕಡೆ ನೋಡಿದ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

“ಅದು… ನನ್ನ ಸಲುವಾಗಿ ಕೇಳಿದೆರಿ.”

ಅಡುಗೆಮನೆಯಿಂದ ಶೇವಂತಾಬಾಯಿ ಕೂಗಿದಳು: “ಅವ್ರ ಚಹಾಕ್ಕ ಸಕ್ಕರಿ ಎಷ್ಟ ಹಾಕ್ಲವ್ವಾ?”

“ಜಾಸ್ತಿ ಹಾಕವ್ವ,” ಎಂದಳು ಕರುಣಾ, ಕ್ಯಾಲೆಬನ ಮುಖ ನೋಡುತ್ತಲೇ. “ಇವ್ರು ಇನ್ನೂ ಭಾಳ ಬೈಸ್ಕೊಳ್ಳೋದದ.”

“ಕುಂದರ್ತೇನ್ರಿ,” ಎಂದ ಆತ.

ಮಳೆಗಾಲದ ಹೊತ್ತಿಗೆ ಅನಿಮೋನ್‌ಗೆ ಹಸಿರು ಬಣ್ಣ ಮರಳಿತು. ಮದುವೆ ಅದಕ್ಕೂ ಮೊದಲೇ ಆಗಿತ್ತು.