ಉಡಿಗೆ ಬಂದ ಸೈಕಲ್

ಹೊಸ್ತಿಲ ಮೇಲೆ ಮೊದಲು ಕಂಡದ್ದು ಒಂದು ದಪ್ಪ ಗಾಲಿ. ಅದರ ಹಿಂದೆ ಅವನು.

ಭಾಗ್ಯನಗರದ ಮುದುಕಪ್ಪನ ಮನೆಯ ಪಡಸಾಲೆಯಲ್ಲಿ ನಿಶ್ಚಿತಾರ್ಥಕ್ಕೆ ಕೂತಿದ್ದ ಹಿರಿಯರು ಮಾತು ನಿಲ್ಲಿಸಿದರು. ಮಣೆಯ ಮೇಲಿದ್ದ ಮಗಳು ಸಹನಾ ತಲೆ ಎತ್ತಿದಳು. ಅವಳನ್ನು ಮದುವೆಯಾಗಲಿರುವ ಹನುಮಸಾಗರದ ಪ್ರವೀಣಕುಮಾರ, ಬಸ್ ಕಂಡಕ್ಟರ್, ಕೆಂಪು ಸೈಕಲ್ಲೊಂದನ್ನು ಮೆಲ್ಲಗೆ ಒಳಗೆ ತಳ್ಳಿಕೊಂಡು ಬರುತ್ತಿದ್ದ.

ಇಬ್ಬರ ಕಣ್ಣು ನೇರವಾಗಿ ಕೂಡಿದ್ದು ಅದೇ ಮೊದಲು.

"ಬಂಗಾರದ ಸರ ಹಾಕೋಣು ಅಂದ್ರ ಕಬ್ಬಿಣ ತಂದಾನ ನೋಡ್ರಿ ನನ್ನ ಮಗ," ಎಂದಳು ಅವನ ತಾಯಿ ಪಕ್ಕೀರವ್ವ. ಹೆಂಗಸರೆಲ್ಲ ನಕ್ಕರು.

ಪ್ರವೀಣ ನಗಲಿಲ್ಲ. ಸಹನಾಳನ್ನೇ ನೋಡುತ್ತಿದ್ದ.

"ನೀವು ಗುಡ್ಡದಾಗ ಸೈಕಲ್ ಹೊಡೀತೀರಲ್ಲ... ಮುಂದೂ ಸ್ಪ್ರಿಂಗ್ ಐತ್ರಿ, ಹಿಂದೂ ಐತ್ರಿ. ಫುಲ್ ಸಸ್ಪೆನ್ಶನ್."

ಆ ಹಿಂದಿನ ಸ್ಪ್ರಿಂಗ್ ನೋಡಿದ ಕೂಡಲೇ ಸಹನಾಳಿಗೆ ಗೊತ್ತಾಗಿತ್ತು. ಅದು ಊರ ಬೀದಿಗೆ ಮಾಡಿದ ಸೈಕಲ್, ಬಂಡೆಗಲ್ಲಿನ ಇಳಿಜಾರಿಗೆ ಅಲ್ಲ. ಇಷ್ಟೇ ದುಡ್ಡಿಗೆ ಮುಂದೆ ಮಾತ್ರ ಸ್ಪ್ರಿಂಗ್ ಇರುವ ಗಟ್ಟಿ ಸೈಕಲ್ ಬರುತ್ತಿತ್ತು...

"ಹೆಂಗೈತ್ರಿ?" ಅವನ ದನಿ ನಡುಗಿತು.

ಹೇಳಿಬಿಡಲೇ? ಇಷ್ಟು ಜನರ ಮುಂದೆ?

"ಛಲೋ ಐತ್ರಿ," ಎಂದಳು.

ಪಕ್ಕೀರವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಉಡಿಗೆ ಹಾಕಿ, ಕೊನೆಗೆ ಸೈಕಲ್ಲಿನ ಹ್ಯಾಂಡಲನ್ನೂ ಸಹನಾಳ ಸೆರಗಿಗೆ ಮುಟ್ಟಿಸಿದಳು. "ಉಡಿಗೆ ಹಾಕಿದ್ದು ನೋಡವ್ವ. ಇನ್ನ ವಾಪಸ್ ಕೊಡಾಕ ಬರಂಗಿಲ್ಲ."

ಮುಂದಿನ ಭಾನುವಾರ ಗಂಗಾವತಿ ಹತ್ತಿರದ ಗುಡ್ಡದಲ್ಲಿ, ಗುಡ್ಡ ಇಳಿಯುವ ಸೈಕಲ್ ಪಂದ್ಯಕ್ಕೆ ಜಿಲ್ಲಾ ತಂಡದ ಆಯ್ಕೆ ಇತ್ತು. ಅಲ್ಲಿಯವರೆಗೆ ಸಹನಾ ದಿನಾ ಸಂಜೆ ಕೆಂಪು ಸೈಕಲ್ಲನ್ನೇ ಹೊಡೆದಳು. ಏರಿನಲ್ಲಿ ಎದ್ದು ನಿಂತು ತುಳಿದರೆ ಅರ್ಧ ಬಲವನ್ನು ಸ್ಪ್ರಿಂಗೇ ನುಂಗುತ್ತಿತ್ತು. ಇಳಿಜಾರಿನಲ್ಲಿ ಹಿಂದಿನ ಗಾಲಿ ತನ್ನ ದಾರಿ ತಾನು ಹಿಡಿಯುತ್ತಿತ್ತು. ಹಿಂದಿನ ಗಾಲಿ ಚೌಕಟ್ಟಿಗೆ ಕೂಡುವ ಕೀಲನ್ನು ಎಷ್ಟು ಬಿಗಿ ಮಾಡಿದರೂ ಮರುದಿನ ಮತ್ತೆ ಸಡಿಲ.

"ಇದ್ರ ಮ್ಯಾಲ ಕೂತು ಇಳಿಬ್ಯಾಡ," ಎಂದರು ಅವಳಿಗೆ ಸೈಕಲ್ ಕಲಿಸಿದ ಹೇಮಪ್ಪ ಮಾಸ್ತರು. "ನಂದು ಹಳೇದು ತಗೋ. ಹಿಂದ ಸ್ಪ್ರಿಂಗ್ ಇಲ್ಲ, ಕೈ ಬಿಡಂಗಿಲ್ಲ."

"ಅವರು ನೋಡಾಕ ಬರ್ತಾರ್ರೀ ಸರ್..."

"ನೋಡಾಕ ಬಂದವ್ರು ದವಾಖಾನಿ ತನಕ ಬರಬೇಕೇನು?"

ಅವಳು ಬಗ್ಗಿ ಆ ಕೀಲನ್ನು ಮತ್ತೊಮ್ಮೆ ಬಿಗಿ ಮಾಡತೊಡಗಿದಳು.

ಭಾನುವಾರ ಅವನು ಬಂದ. ಗುಡ್ಡದ ನೆತ್ತಿಯಲ್ಲಿ ನೋಡುವವರ ನಡುವೆ ನಿಂತು, ಪಕ್ಕದವರಿಗೆ ಕೆಂಪು ಸೈಕಲ್ ತೋರಿಸಿ ಏನೋ ಹೇಳುತ್ತಿದ್ದ. ಅವನ ಮುಖದಲ್ಲಿನ ಹೆಮ್ಮೆ ಸಹನಾಳಿಗೆ ಅಷ್ಟು ದೂರದಿಂದಲೇ ಕಂಡಿತು.

ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಒಬ್ಬ ಹುಡುಗಿ ಮೊದಲ ತಿರುವಿನಲ್ಲೇ ಬಂಡೆಗೆ ಬಡಿದು ಬಿದ್ದಳು. ಮೊಣಕಾಲು ಹಿಡಿದುಕೊಂಡು ಕೂತೇಬಿಟ್ಟಳು.

ಸಹನಾ ಕೆಂಪು ಸೈಕಲ್ಲಿನ ಹಿಂದಿನ ಗಾಲಿ ನೋಡಿದಳು. ಅವನ ಮನಸ್ಸು ಉಳಿಸಲು ಹೋಗಿ ನಾನು...

ಅವಳು ಕೆಂಪು ಸೈಕಲ್ಲನ್ನು ತುಸು ಕೆಳಗಿನ ಬಂಡೆಗೆ ಒರಗಿಸಿ ಬಂದು, ಮಾಸ್ತರು ತಂದಿಟ್ಟಿದ್ದ ಹಳೆಯ ಸೈಕಲ್ ಹಿಡಿದಳು.

ತಿರುಗಿ ನೋಡಿದರೆ ಅವನಿರಲಿಲ್ಲ. ಕಾಲುದಾರಿಯಲ್ಲಿ ಇಳಿದು ಹೋಗುತ್ತಿದ್ದ.

"ಸಹನಾ, ಇನ್ನ ಸ್ವಲ್ಪ ಹೊತ್ತಿಗೆ ನಿನ್ನ ಪಾಳಿ," ಮಾಸ್ತರು ಕೂಗಿದರು. ಅವಳು ಆಗಲೇ ಓಡುತ್ತಿದ್ದಳು.

"ಏನ್ರೀ... ನಿಲ್ರಿ."

ಅವನು ನಿಂತ, ತಿರುಗಲಿಲ್ಲ. "ಮಂದಿ ಮುಂದ ನನ್ನ ಸೈಕಲ್ ಹೊಡ್ಯಾಕ ನಾಚಿಕಿ ಬಂತೇನು?"

"ಬರ್ರಿ ಇಲ್ಲಿ." ಅವಳು ಅವನ ಮುಂಗೈ ಹಿಡಿದು ಎಳೆದು ತಂದು ಬಂಡೆಯ ಹತ್ತಿರ ನಿಲ್ಲಿಸಿದಳು. "ಹಿಂದಿನ ಗಾಲಿ ಹಿಡದು ಅಳ್ಳಾಡಿಸ್ರಿ."

ಅವನು ಅಳ್ಳಾಡಿಸಿದ. ಟಕ್. ಮತ್ತೆ ಹಿಡಿದ. ಟಕ್.

ಕೆಳಗೆ ಇಬ್ಬರು ಆ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವನು ಅದನ್ನು ನೋಡಿದ. ಗಾಲಿ ನೋಡಿದ. ಮುಖ ಬಿಳುಚಿಕೊಂಡಿತು.

"ಯಾವಾಗ ಗೊತ್ತಾತು ನಿನಗ?"

"ಅವತ್ತ... ಪಡಸಾಲ್ಯಾಗ."

"ಛಲೋ ಐತಿ ಅಂದಿದ್ದಿ."

"ಎಲ್ಲಾರೂ ನಗಾಕತ್ತಿದ್ರು. ನೀವೊಬ್ರ ನಕ್ಕಿದ್ದಿಲ್ಲ. ಹೆಂಗ ಹೇಳ್ಲಿ?"

ಅವನು ಗಾಲಿಯಿಂದ ಕೈ ತೆಗೆದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ಹಂಗಾರ... ಹುಡುಗ ಒಪ್ಪಿಗಿ ಐತೇನು ಅಂತ ನಿಮ್ಮಪ್ಪ ಕೇಳಿದಾಗ, ಅದೂ ಹಿಂಗ ಅಂದಿದ್ದೇನು? ಮಂದಿಗೆ ಅಂಜಿ?"

ಮೇಲಿನಿಂದ ಸಹನಾಳ ಹೆಸರು ಕೇಳಿಸಿತು.

ಈಗಲೂ ಸುಳ್ಳು ಹೇಳಿದರೆ, ಮುಂದೆ ಜೀವನಪೂರ್ತಿ ಹೇಳಬೇಕಾಗುತ್ತದೆ.

"ಅಪ್ಪ ಕೇಳಿದಾಗ ನಾ ಒಲ್ಲೆ ಅಂದಿದ್ದೆ."

ಅವನು ಕತ್ತೆತ್ತಿದ.

"ಲಗ್ನ ಆದ್ಮ್ಯಾಲ ಸೈಕಲ್ ಬಿಡಿಸ್ತಾರ ಅಂತ ಯಾರೋ ಅಂದಿದ್ರು. ಅದಕ್ಕ ಒಲ್ಲೆ ಅಂದೆ. ಆಮ್ಯಾಲ ನೀವು ಮಾಸ್ತರ್ ಹಂತ್ಯಾಕ ಬಂದು, ಹನುಮಸಾಗರದ ಗುಡ್ಡದಾಗೂ ಆಕಿಗೆ ಸೈಕಲ್ ಹೊಡ್ಯಾಕ ಬರ್ತೈತೇನು ಅಂತ ಕೇಳಿದ್ರಂತ..." ಅವಳ ಕಣ್ಣು ತುಂಬಿತು. "ಅವತ್ತ ರಾತ್ರಿ ನಾನ ಎದ್ದು ಹೋಗಿ ಅಪ್ಪಗ ಹೂಂ ಅಂದೆ. ಯಾರೂ ಕೇಳಿದ್ದಿಲ್ಲ."

ಪ್ರವೀಣ ಬಂಡೆಗೆ ಒರಗಿದ್ದ ಸೈಕಲ್ಲನ್ನು ತನ್ನ ಕಡೆ ಎಳೆದುಕೊಂಡ.

"ಇದು ಮನ್ಯಾಗ ಇರ್ಲಿ. ಸೂಟಿ ಇದ್ದಾಗ ನಾ ಹೊಲಕ್ಕ ಬುತ್ತಿ ಒಯ್ತೀನಿ ಇದ್ರ ಮ್ಯಾಲ. ಅವ್ವಗ ಹೇಳೋದು ನನಗ ಬಿಡು."

"ಬೈತಾರ್ರೀ ಅವರು."

"ಬೈಲಿ. ಇದು ಅಳ್ಳಾಡೋದು ಅವ್ವಗೂ ಕೇಳಸ್ತೈತಿ." ತುಸು ತಡೆದು ಕೇಳಿದ. "ಗುಡ್ಡಕ್ಕಂತ ಮಾಡಿದ ಖರೇ ಫುಲ್ ಸಸ್ಪೆನ್ಶನ್ ಕೊಳ್ಳಾಕ ನಮ್ಮ ಕೈಲೆ ಆಗಂಗಿಲ್ಲೇನು?"

"ಹೊಸಾದು ಆಗಂಗಿಲ್ರಿ. ಯಾರರ ಹೊಡದು ಬಿಟ್ಟದ್ದು ಸಿಗ್ತೈತಿ. ಆದ್ರ ಕೀಲು ನಾ ನೋಡಬೇಕು."

"ನೀ ನೋಡು. ನಾ ಚೌಕಾಶಿ ಮಾಡ್ತೀನಿ."

"ಸಹನಾ!" ಮಾಸ್ತರರ ಕೂಗು ಈ ಸಲ ಬೈಗುಳದಂತಿತ್ತು.

ಇಬ್ಬರೂ ಏದುಸಿರು ಬಿಡುತ್ತ ಮೇಲೆ ಬಂದರು. ಅವಳು ಹಳೆಯ ಸೈಕಲ್ ಏರಿ ಎರಡೂ ಕಾಲು ಪೆಡಲಿನ ಮೇಲಿಟ್ಟಳು. ಹೊರಡುವ ತನಕ ಹಿಂದಿನಿಂದ ಯಾರಾದರೂ ಸೀಟು ಹಿಡಿಯಬೇಕು. ಮಾಸ್ತರು ಕೈ ಚಾಚುವ ಮೊದಲೇ ಪ್ರವೀಣ ಹಿಡಿದ.

ಮುಂದೆ ನೆಲ ಇದ್ದಕ್ಕಿದ್ದಂತೆ ಕೆಳಗೆ ಬಿದ್ದಂತಿತ್ತು. ಬರೀ ಬಂಡೆ.

"ಅಂಜಿಕಿ ಐತೇನು?" ಬೆನ್ನ ಹಿಂದೆ ಅವನ ದನಿ.

"ಭಾಳ ಐತ್ರಿ."

"ನನಗೂ."

ಅವನು ಸೀಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಸೈಕಲ್ ಕೂದಲೆಳೆಯಷ್ಟೂ ವಾಲಲಿಲ್ಲ.

ಮಾಸ್ತರು ಎಣಿಸತೊಡಗಿದರು.

"ಬಿಡ್ಲೇನು?" ಅವನು ಪಿಸುಗುಟ್ಟಿದ.

"ಇನ್ನೂ ಬ್ಯಾಡ್ರಿ..."

ಅವಳು ಉಸಿರು ಎಳೆದುಕೊಂಡಳು.

"ಹೂಂ... ಈಗ."